53 ಹೆಸರು, 89 ವರ್ಷ

ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಭಾರತೀಯ ಸೈನಿಕರ ಒಂದು ಸ್ಮಾರಕವಿದೆ, ಹೆಸರು 'ಛತ್ರಿ'. ಅಲ್ಲಿಂದ ಈಗಷ್ಟೇ ಮನೆಗೆ ಬಂದೆ. ಹೊಟ್ಟೆಯೊಳಗಿನ ಸಂಕಟ ಇಳಿದಿಲ್ಲ, ಬರೆದೇಬಿಡ್ತೀನಿ.

ಪ್ರತಿ ಜೂನ್‌ನಲ್ಲಿ ಅಲ್ಲಿ, ಪ್ಯಾಚಮ್ ಗುಡ್ಡದ ಮೇಲೆ, ಸ್ಮರಣೆ ನಡೆಯುತ್ತೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಸಿಖ್ ಮತ್ತು ಹಿಂದೂ ಸೈನಿಕರ ಚಿತೆ ಉರಿದ ಜಾಗ ಅದು. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಆಮೇಲೆ ಅಲ್ಲೇ ಬಿಳಿ ಅಮೃತಶಿಲೆಯ ಛತ್ರಿ ಕಟ್ಟಿ, 1921ರ ಫೆಬ್ರವರಿ 1ರಂದು ವೇಲ್ಸ್ ರಾಜಕುಮಾರನ ಕೈಲಿ ಅನಾವರಣ ಮಾಡಿಸಿದರು. ಚಕ್ರವರ್ತಿಗಾಗಿ ಪ್ರಾಣ ಕೊಟ್ಟವರು ಅಂತ ಕಲ್ಲಲ್ಲಿ ಕೆತ್ತಿದ್ದಾರೆ. ಕೊಟ್ಟವರ ಹೆಸರಿಲ್ಲ. ಒಂದೂ ಇಲ್ಲ. ಹತ್ತಿರದಲ್ಲೇ ಹೆಸರುಗಳ ಕಲ್ಲು ಬಂದದ್ದು 89 ವರ್ಷ ಕಳೆದು, 2010ರಲ್ಲಿ!

ನನಗೆ ತಡೆಯಲಾಗದ್ದು ಇದೇ. ರಾಯಲ್ ಪೆವಿಲಿಯನ್ ಅರಮನೆಯನ್ನು ಆಸ್ಪತ್ರೆ ಮಾಡಿದಾಗ ಒಂಬತ್ತು ಅಡುಗೆಮನೆ ಇಟ್ಟಿದ್ದರು. ಹಿಂದೂಗಳಿಗೆ ಬೇರೆ ನಲ್ಲಿ, ಮುಸ್ಲಿಮರಿಗೆ ಬೇರೆ ನಲ್ಲಿ, ಸಿಖ್ಖರಿಗೆ ಅಂಗಳದಲ್ಲಿ ಗುರುದ್ವಾರದ ಡೇರೆ. ಯಾರು ಏನು ತಿಂತಾರೆ, ಯಾರು ಯಾರ ಕೈನೀರು ಕುಡಿಯಲ್ಲ ಅಂತ ಇಷ್ಟು ವಿಚಾರಿಸಿದವರಿಗೆ ಸತ್ತವನ ಹೆಸರು ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿತೆ ಉರಿದ ಕಡೆ ಕೆತ್ತಬೇಕು ಅಂತ ಅನ್ನಿಸಲಿಲ್ಲ ಅಷ್ಟೇ.

ಇವತ್ತು ಪೇಟ ಕಟ್ಟಿದ ಹಿರಿಯರೊಬ್ಬರು ಹೂವಿನ ಚಕ್ರ ಇಟ್ಟು ಸೆಲ್ಯೂಟ್ ಹೊಡೆದಾಗ ಕಣ್ಣು ತುಂಬಿತು. ಸುಳ್ಳು ಹೇಳಲ್ಲ, ಅದರ ಹಿಂದೆಯೇ ಸಿಟ್ಟೂ ಬಂತು. ಆ ರಾಜಕುಮಾರ ಛತ್ರಿ ಅನಾವರಣ ಮಾಡುವಾಗ ಜಲಿಯನ್‌ವಾಲಾ ಬಾಗ್ ನಡೆದು ಎರಡು ವರ್ಷವೂ ಆಗಿರಲಿಲ್ಲ. ಯುದ್ಧ ಮುಗಿದದ್ದು 1918ರ ನವೆಂಬರ್‌ನಲ್ಲಿ, ಅಮೃತಸರದಲ್ಲಿ ಗುಂಡು ಹಾರಿಸಿದ್ದು 1919ರ ಏಪ್ರಿಲ್‌ನಲ್ಲಿ. ಮಗ ಇವರಿಗಾಗಿ ಸತ್ತ ಪಂಜಾಬಿನ ಮನೆಗಳಲ್ಲಿ ಆ ಸುದ್ದಿ ಹೇಗೆ ಕೇಳಿಸಿರಬೇಕು?

ಫೋಟೋ ಹಾಕಿದ ತಕ್ಷಣ ಗೆಳೆಯನೊಬ್ಬ, "ಸಂಬಳಕ್ಕೆ ಬ್ರಿಟಿಷರ ಪರ ಕಾದಾಡಿದವರು ಕಣೋ, ಅವರಿಗ್ಯಾಕೆ ಗೌರವ?" ಅಂದ. ಹಾಗಾದರೆ 1918ರಲ್ಲಿ, ಅದೇ ಯುದ್ಧದಲ್ಲಿ, ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಓಡಿಸಿ ಕಾದಾಡಿದ ಮೈಸೂರು ಸಂಸ್ಥಾನದ ಕುದುರೆಪಡೆ, ನಮ್ಮ ಮೈಸೂರು ಲ್ಯಾನ್ಸರ್ಸ್? ಅವರೂ ಬ್ರಿಟಿಷರ ಜೊತೆಗೇ ಇದ್ದರು. ಬೆಂಗಳೂರಿನ ಅವರ ಸ್ಮಾರಕಕ್ಕೆ ಕೈಮುಗಿಯೋ ನಾವು ಸಿಖ್ ರೈತನ ಮಗನಿಗೆ ಸಂಬಳದ ಲೆಕ್ಕ ಕೇಳೋದೇ? ಯುದ್ಧ ಮಾಡಬೇಕೋ ಬೇಡವೋ ಅಂತ ಅವನನ್ನು ಯಾರೂ ಕೇಳಿರಲಿಲ್ಲ. ಈ ಮಾತು ಮತ್ತೆ ನನ್ನ ಹತ್ರ ಎತ್ತಬೇಡ.

ಹೂವಿನ ಚಕ್ರ, ಭಾಷಣ ಎಲ್ಲ ಇರಲಿ. ಮೊದಲು ಆ 53 ಹೆಸರು ಓದಿ. ಇಂಗ್ಲೆಂಡಿನಲ್ಲಿರುವ ಕನ್ನಡದವರು ಮುಂದಿನ ಜೂನ್‌ನಲ್ಲಿ ಮಕ್ಕಳನ್ನು ಕರ್ಕೊಂಡು ಬನ್ನಿ. ಮೇಲಿನವರೆಗೆ ಕಾರು ಹೋಗಲ್ಲ, ಗುಡ್ಡ ಹತ್ತಿ ನಡೆಯಬೇಕು, ಒಳ್ಳೆ ಶೂ ಹಾಕ್ಕೊಳ್ಳಿ.