ಬೆಲ್ಟೇ ಇಲ್ಲದ ಗಾಡಿಗೆ ರೂಲ್ಸೂ ಇಲ್ವಂತೆ

ಮಧ್ಯಾಹ್ನದಿಂದ ಒಂದೇ ಮಾತು ತಲೇಲಿ ಕೊರೀತಾ ಇದೆ. ಶ್ರೀರಂಗಪಟ್ಟಣದ ಹತ್ತಿರ ಟೋಲ್ ಕ್ಯೂನಲ್ಲಿದ್ದೆ. ಪಕ್ಕದ ಲೇನಲ್ಲಿ ಒಂದು ಹಳೇ ಮಾರುತಿ 800. ಚೊಕ್ಕವಾಗಿ ಇಟ್ಕೊಂಡಿದ್ದಾರೆ, ಹೊಸ ರೆಕ್ಸಿನ್ ಸೀಟ್ ಕವರ್, ಡ್ಯಾಶ್‌ಬೋರ್ಡ್ ಮೇಲೆ ಚಾಮುಂಡಮ್ಮನ ಫೋಟೋ. ಮುಂದಿನ ಎರಡು ಸೀಟಿನ ನಡುವೆ ಎರಡು ವರ್ಷದ ಮಗು ನಿಂತಿದೆ. ಒಂದು ಕೈ ಅಪ್ಪನ ಹೆಗಲ ಮೇಲೆ, ಇನ್ನೊಂದರಲ್ಲಿ ಅರ್ಧ ತಿಂದ ಮದ್ದೂರು ವಡೆ. ನಾನು ಗ್ಲಾಸ್ ಇಳಿಸಿ "ಮಗೂನ ಹಿಂದೆ ಕೂರಿಸಿ ಬೆಲ್ಟ್ ಹಾಕಿ ಅಣ್ಣ" ಅಂದೆ.

"ಹಿಂದ್ಗಡೆ ಬೆಲ್ಟೇ ಇಲ್ಲ ಕಣಣ್ಣ, ತೊಂಬತ್ತೆಂಟ್ರ ಮಾಡ್ಲು. ಹಳೇ ಗಾಡಿಗೆ ಆ ರೂಲ್ಸು ಬರಾಕಿಲ್ಲ."

ಆಯಪ್ಪನ ಮೇಲೆ ಕೋಪ ಇಲ್ಲ. ಅವರು ಹೇಳಿದ್ದರಲ್ಲಿ ಅರ್ಧ ನಿಜವೇ ಇದೆ, ನನಗೆ ಉರಿಯೋದು ಅದಕ್ಕೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ (ಮಕ್ಕಳನ್ನು ಕೂರಿಸಿ ಕಟ್ಟೋಕೆ ಅಂತಲೇ ಇರೋ ಸೀಟು) ಇಲ್ಲದಿದ್ದರೆ 1000 ರೂಪಾಯಿ ದಂಡ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 138(3) ಬೆಲ್ಟ್ ಕಡ್ಡಾಯ ಮಾಡೋದು ಬೆಲ್ಟ್ ಕೊಟ್ಟಿರುವ ಗಾಡಿಗೆ. ಹಿಂದಿನ ಸೀಟಿಗೂ ಬೆಲ್ಟ್ ಕೊಡಲೇಬೇಕು ಅಂತ ಕಂಪನಿಗಳಿಗೆ ಕಡ್ಡಾಯವಾದದ್ದು 2002ರ ಅಕ್ಟೋಬರ್‌ನಲ್ಲಿ. ಅದಕ್ಕೂ ಹಿಂದಿನ ಗಾಡಿಯವರೆಲ್ಲ ಈ ಸಂದಿಯಲ್ಲೇ ನುಸುಳಿಕೊಂಡು ಓಡಾಡ್ತಿದ್ದಾರೆ. ವಿನಾಯಿತಿ ಸಿಕ್ಕಿದ್ದು ಗಾಡಿಗೆ ಕಣ್ರೀ, ಒಳಗೆ ನಿಂತಿರೋ ಮಗುವಿಗೆ ಯಾರು ಕೊಟ್ಟರು?

ನಿಮಗೆಲ್ಲ ಗೊತ್ತು, ನಾನು ಮೆಕ್ಯಾನಿಕ್ಕು, ನನ್ನ ಅನ್ನ ಹಳೇ ಗಾಡಿಗಳದ್ದೇ. ಒಂದು ಹಳೇ ಪದ್ಮಿನಿ ಕಾರು ರಿಪೇರಿಗೆ ಬಂದರೆ ಅವತ್ತು ಶೆಡ್ಡಲ್ಲಿ ಹಬ್ಬ. ಹಳೇ ಗಾಡಿ ಗುಜರಿಗೆ ಹಾಕಿ ಅನ್ನೋನಲ್ಲ ನಾನು. ಆದರೆ ಆಕ್ಸಿಡೆಂಟ್ ಆದ ಗಾಡಿಗಳೂ ನನ್ನ ಹತ್ತಿರಾನೇ ಬರುತ್ತವೆ. ಮುಂದಿನ ಗ್ಲಾಸಿನ ನಟ್ಟನಡುವೆ, ಡ್ರೈವರ್ ಕಡೆಗೂ ಅಲ್ಲ ಪಕ್ಕದ ಸೀಟಿನ ಕಡೆಗೂ ಅಲ್ಲ, ಒಳಗಿನಿಂದ ಹೊಡೆದ ಅಂಗೈಯಗಲದ ದುಂಡನೆ ಬಿರುಕು ಕಂಡರೆ ಅಲ್ಲಿಗೆ ಏನು ಬಡೀತು ಅಂತ ಯಾವ ಮೆಕ್ಯಾನಿಕ್ಕೂ ಕೇಳಲ್ಲ. ಅಂಥ ಗ್ಲಾಸ್ ಬಿಚ್ಚಿದ ದಿನ ನನಗೆ ಊಟ ಸೇರಿಲ್ಲ. ಮನೇಲೂ ಹೇಳಿರಲಿಲ್ಲ, ಇಲ್ಲಿ ಬರೀತಿದ್ದೀನಿ.

ಇನ್ನೊಂದು ನೋಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಲ್ಲ. ಆ ವೇಗದ ಮಧ್ಯೆ ಅಪಾಯ ಅಂತ. ಒಪ್ಪೋಣ. ಹೆಲ್ಮೆಟ್ ಹಾಕಿದ ಬೈಕಿನವನನ್ನು ಸರ್ವೀಸ್ ರೋಡಿಗೆ ಕಳಿಸಿ, 100ರ ಮಿತಿ ಇರೋ ಅದೇ ರಸ್ತೆಗೆ ಬೆಲ್ಟಿಲ್ಲದ ಕಾರಲ್ಲಿ ನಿಂತಿರೋ ಮಗುವನ್ನು ಟೋಲ್ ದುಡ್ಡು ಇಸ್ಕೊಂಡು ಬಿಡೋದು ಯಾವ ಲೆಕ್ಕ? ಗಾಡಿ 80ರಲ್ಲಿ ಹೋಗ್ತಿದ್ದರೆ ಮಗುವೂ 80ರಲ್ಲೇ ಹೋಗ್ತಿರುತ್ತೆ. ಗಾಡಿ ಗುದ್ದಿ ನಿಂತರೂ ಮಗು ನಿಲ್ಲಲ್ಲ. ತೊಡೆ ಮೇಲೆ ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ ಅಂತ ಅಮ್ಮಂದಿರು ನಂಬಿರ್ತಾರೆ. ಆ ಗಳಿಗೇಲಿ ಯಾರ ಕೈಗೂ ಅಷ್ಟು ಬಲ ಇರಲ್ಲ. ಅಮ್ಮನಿಗೂ ಬೆಲ್ಟ್ ಇಲ್ಲದಿದ್ದರೆ ಅವಳ ಮೈಭಾರವೆಲ್ಲ ಮಗುವಿನ ಮೇಲೆ.

ಹಳೇ ಗಾಡಿಗೆ ವಿನಾಯಿತಿ ಬ್ರಿಟನ್ನಿನಲ್ಲೂ ಇದೆ. ಹೇಗಿದೆ ಗೊತ್ತಾ? ಗಾಡಿ ತಯಾರಾದಾಗಲೇ ಬೆಲ್ಟ್ ಇರಲಿಲ್ಲ ಅಂದರೆ ಅದರಲ್ಲಿ 3 ವರ್ಷದೊಳಗಿನ ಮಗುವನ್ನು ಕೂರಿಸುವಂತೆಯೇ ಇಲ್ಲ. ಅದಕ್ಕಿಂತ ದೊಡ್ಡ ಮಕ್ಕಳು ಹಿಂದಿನ ಸೀಟಲ್ಲಿ ಮಾತ್ರ. ಕಾರು ಓಡಲಿ, ಕೂಸು ಬೇಡ. ನಮ್ಮಲ್ಲಿ ಇದೇ ಒಂದು ಸಾಲು ಯಾಕಿಲ್ಲ?

ಹೀಗಂದರೆ ನಮ್ಮ ತಮ್ಮ "ಅಣ್ಣ, ಬಡವರು ಅರವತ್ತು ಸಾವಿರದ ಕಾರು ಬಿಟ್ಟು ಮಗೂನ ಸ್ಕೂಟರಲ್ಲಿ ಕರ್ಕೊಂಡು ಹೋಗ್ತಾರೆ, ಅದಿನ್ನೂ ಅಪಾಯ" ಅಂತಾನೆ. ಆದರೆ ಸ್ಕೂಟರಿಗಾದರೂ ನಿಯಮ ಬಂತಲ್ಲ! 2023ರ ಫೆಬ್ರವರಿ 15ರಿಂದ 9 ತಿಂಗಳಿಂದ 4 ವರ್ಷದ ಮಗುವಿಗೆ ಹೆಲ್ಮೆಟ್ಟು, ಮಗುವನ್ನು ಸವಾರನಿಗೆ ಸೇರಿಸಿ ಕಟ್ಟೋ ಬೆಲ್ಟು, 40ರ ವೇಗಮಿತಿ. ಅದೇ ಮಗು ಹಳೇ ಕಾರು ಹತ್ತಿದರೆ ಕೇಳೋರಿಲ್ಲ. "ನಾವೆಲ್ಲ ಅಂಬಾಸಿಡರಲ್ಲಿ ಹತ್ತು ಜನ ಹೋಗ್ತಿರಲಿಲ್ವಾ" ಅನ್ನೋರಿಗೆ, ಆಗ ಮಂಡ್ಯ ಪೇಟೆ ಒಳಗೇ ಹಾದು, ಹಂಪು, ಎತ್ತಿನಗಾಡಿ, ಕಬ್ಬಿನ ಲಾರಿ ಹಿಂದೆ ತೆವಳ್ತಿದ್ವಿ. ಆ ರಸ್ತೆ ಈಗಿಲ್ಲ.

ನಾನು ಕೇಳೋದು ಇಷ್ಟೇ. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್‌ಗೆ ಗಾಡಿ ಹೇಗೂ ಆರ್‌ಟಿಒ ಮುಂದೆ ಬರುತ್ತೆ. ಆಗ ಹಿಂದಿನ ಬೆಲ್ಟ್ ಹಾಕಿಸಿ ಅನ್ನಿ. ಹಾಕಿಸಲಾಗದ ಗಾಡಿಯ ಆರ್‌ಸಿಯಲ್ಲಿ ಚಿಕ್ಕ ಮಕ್ಕಳನ್ನು ಕೂರಿಸುವಂತಿಲ್ಲ ಅಂತ ಬರೀರಿ.

ಅಲ್ಲಿವರೆಗೆ ಕಾಯದೆ ಹಾಕಿಸ್ಕೊಳ್ಳೋರಿದ್ದರೆ ಒಂದು ಎಚ್ಚರಿಕೆ: ಫ್ಲೋರಿನ ತಗಡಿಗೆ ತೂತು ಕೊರೆದು ಬೋಲ್ಟ್ ಬಿಗಿಯೋರ ಹತ್ತಿರ ಹೋಗಬೇಡಿ, ಗುದ್ದಿದಾಗ ಕಿತ್ತುಬರುತ್ತೆ. ಬಾಡಿಯ ಗಟ್ಟಿ ಜಾಗ ಹುಡುಕಿ, ತಗಡಿನ ಕೆಳಗೆ ದಪ್ಪ ಪ್ಲೇಟ್ ಕೊಟ್ಟು ಕೂರಿಸಬೇಕು. ದೊಡ್ಡವರ ಬೆಲ್ಟ್ ಚಿಕ್ಕ ಮಗುವಿನ ಕುತ್ತಿಗೆಗೆ, ಹೊಟ್ಟೆಗೆ ಬರೋದರಿಂದ ಚೈಲ್ಡ್ ಸೀಟೂ ಬೇಕೇ ಬೇಕು. ಗಾಡಿ ತನ್ನಿ, ನೋಡೋಣ. ಆಗಲ್ಲ ಅಂದರೆ ಆಗಲ್ಲ ಅಂತಲೇ ಹೇಳಿ ಕಳಿಸ್ತೀನಿ.