ಮೊದಲು ಆ ಎಂಜಿನ್ ಆರಿಸಿ

ಸಿಟ್ಟು ಇಳಿಯುವ ಮುಂಚೆಯೇ ಇದನ್ನು ಬರೆದುಬಿಡುತ್ತೇನೆ. ಇಳಿದ ಮೇಲೆ ಸೌಜನ್ಯ ಅಡ್ಡ ಬರುತ್ತದೆ.

ಬಿಹಾರದ ಭಾಗಲ್ಪುರದಲ್ಲಿದ್ದೇನೆ. ರಜೆ ಸಿಕ್ಕರೆ ಕಾಡು, ಕೆರೆ, ಹೊಳೆ ಎಂದು ಓಡುವ ನನ್ನ ಹುಚ್ಚು ನಿಮಗೆ ಹೊಸದಲ್ಲ. ಈ ಸಲ ಗಂಗೆಯ ಡಾಲ್ಫಿನ್ ನೋಡಲು ಬಂದೆ. ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗಿನ ನದಿಯ ಹರಿವನ್ನು 1991ರಲ್ಲೇ ವಿಕ್ರಮಶಿಲಾ ಡಾಲ್ಫಿನ್ ಅಭಯಾರಣ್ಯವೆಂದು ಘೋಷಿಸಿದ್ದಾರೆ.

ಬೆಳಿಗ್ಗೆ ನಾನು ಕುಳಿತದ್ದು ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ. (ಈಜು ಬಾರದವಳು ದೋಣಿಯ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಎಂಬುದನ್ನು ಅಂಬಿಗನನ್ನೇ ಕೇಳಬೇಕು.) ಮೊದಲು ನೀರಿನಿಂದ ಮೇಲೆದ್ದದ್ದು ಮೂತಿ. ಇಕ್ಕುಳದಂತೆ ಉದ್ದ, ಸಪೂರ. ಬಾಯಿ ಮುಚ್ಚಿದ್ದರೂ ಹಲ್ಲುಗಳ ಸಾಲು ಕಾಣುತ್ತದೆ. ಹಿಂದೆಯೇ ಬೂದು ಬೆನ್ನು, ಅದರ ಮೇಲೆ ಈಜುರೆಕ್ಕೆ ಎಂದು ಹೆಸರಿಗಷ್ಟೇ ಒಂದು ತಗ್ಗು ಉಬ್ಬು. ಫುಸ್ ಎಂದು ಉಸಿರು ಬಿಟ್ಟಿತು, ಮುಳುಗಿತು. ಎಲ್ಲ ಸೇರಿ ಒಂದು ಸೆಕೆಂಡ್ ಇರಬಹುದು. ಅಂಬಿಗ ಹುಟ್ಟನ್ನು ಮೇಲೆತ್ತಿ ಸುಮ್ಮನೆ ಕುಳಿತ. ನಾನೂ ಕುಳಿತೆ.

ಆಗ ಬಂತು ಡೀಸೆಲ್ ಎಂಜಿನ್ ಕಟ್ಟಿದ ದೋಣಿ. ಅದರ ತುಂಬ ಜನ, ಜನರ ಕೈ ತುಂಬ ಮೊಬೈಲ್. ಒಬ್ಬ ಸಿಳ್ಳೆ ಹೊಡೆಯುತ್ತಿದ್ದ, ಇನ್ನೊಬ್ಬ ದೋಣಿಯ ಹಲಗೆಯನ್ನು ಅಂಗೈಯಿಂದ ಬಡಿಯುತ್ತಿದ್ದ. ‘ಇದೇನು, ಜಿಗಿಯುವುದೇ ಇಲ್ಲ!’ ಎಂದು ಒಬ್ಬರ ತಕರಾರು, ದುಡ್ಡು ಕೊಟ್ಟಿದ್ದಾರಂತೆ. ದೋಣಿಯವನು ಅವರನ್ನು ಮೆಚ್ಚಿಸಲು ಡಾಲ್ಫಿನ್ ಮುಳುಗಿದ ಜಾಗಕ್ಕೇ ನುಗ್ಗಿಸಿ, ಅಲ್ಲೇ ಸುತ್ತು ಹಾಕತೊಡಗಿದ. ಆಮೇಲೆ ಡಾಲ್ಫಿನ್ ಎಲ್ಲಿ ಎದ್ದಿತೋ, ಎದ್ದಿತೋ ಇಲ್ಲವೋ, ಹೊಗೆಯಷ್ಟೇ ಕಂಡಿತು.

ಸ್ವಾಮಿ, ಅದು ಹೆಚ್ಚುಕಡಿಮೆ ಕುರುಡು ಪ್ರಾಣಿ. ಕಣ್ಣೇನೋ ಇದೆ, ಅದರೊಳಗೆ ಮಸೂರವಿಲ್ಲ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿದರೆ ಅದೇ ಹೆಚ್ಚು. ಬದಿಗೆ ವಾಲಿಕೊಂಡು, ತಳವನ್ನು ಸವರುತ್ತ ಈಜುತ್ತದೆ. ಕಲಕಿದ ಆ ನೀರಿನಲ್ಲಿ ಮೀನು ಹುಡುಕುವುದು, ದಾರಿ ಹುಡುಕುವುದು ಎಲ್ಲವೂ ತಾನೇ ಹೊರಡಿಸಿದ ಕ್ಲಿಕ್ ಸದ್ದಿನ ಪ್ರತಿಧ್ವನಿಯಿಂದ. ಕಿವಿಯನ್ನೇ ನಂಬಿ ಬದುಕುವ ಜೀವದ ನೆತ್ತಿಯ ಮೇಲೆ ಎಂಜಿನ್ ಓಡಿಸಿ, ಅದಕ್ಕೆ ಡಾಲ್ಫಿನ್ ವೀಕ್ಷಣೆ ಎಂದು ಬೋರ್ಡು ಹಾಕುತ್ತೇವೆ! ಇದು ನನ್ನ ಊಹೆಯಲ್ಲ. ಬಿಹಾರದ ಗಂಗೆಯಲ್ಲೇ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಯಾಂತ್ರಿಕ ದೋಣಿಗಳ ಗದ್ದಲದಲ್ಲಿ ಡಾಲ್ಫಿನ್‌ಗಳು ಸದ್ದು ಹೊರಡಿಸುವ ರೀತಿಯೇ ಬದಲಾಗುವುದನ್ನೂ, ನೀರು ಕಡಿಮೆಯಾದಾಗ ಅವುಗಳ ದೇಹದ ಮೇಲಿನ ಒತ್ತಡ ಇನ್ನಷ್ಟು ಹೆಚ್ಚುವುದನ್ನೂ ಹೇಳಿದೆ. ಬೇಸಿಗೆಯಲ್ಲಿ ಅವು ಉಳಿದ ಆಳದ ಮಡುಗಳಲ್ಲಿ ಸೇರುತ್ತವೆ. ಸುಲಭವಾಗಿ ಕಾಣುತ್ತವೆ ಎಂದು ನಮ್ಮ ದೋಣಿಯೂ ಅದೇ ಮಡುವಿಗೆ ಹೋಗುತ್ತದೆ.

ಕಾಗದದ ಮೇಲೆ ಗೌರವಕ್ಕೆ ಕೊರತೆಯಿಲ್ಲ. 2009ರಿಂದ ಅದು ರಾಷ್ಟ್ರೀಯ ಜಲಚರ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿದೆ. 2025ರಲ್ಲಿ ಹೊರಬಂದ ಗಣತಿಯ ಪ್ರಕಾರ ದೇಶದ ನದಿಗಳಲ್ಲಿರುವುದು ಒಟ್ಟು 6,327 ಡಾಲ್ಫಿನ್. ಅದರಲ್ಲಿ 2,220 ಬಿಹಾರದಲ್ಲಿ. ಡಾಲ್ಫಿನ್‌ಗಳನ್ನು ಕೊಳದಲ್ಲಿಟ್ಟು ಕುಣಿಸುವುದನ್ನು 2013ರಲ್ಲೇ ನಿಷೇಧಿಸಿದ ದೇಶ ನಮ್ಮದು. ಕೊಳದಲ್ಲಿ ಕುಣಿಸಬಾರದು, ನದಿಯಲ್ಲಿ ಕುಣಿಯಲೇಬೇಕು!

‘ಬಲೆಗೆ ಸಿಕ್ಕಿ ಸಾಯುತ್ತವೆ, ಫರಕ್ಕಾ ಬ್ಯಾರೇಜ್ ನದಿಯನ್ನೇ ತುಂಡರಿಸಿದೆ, ಹಡಗುಗಳು ಓಡಾಡುತ್ತವೆ, ಅದೆಲ್ಲ ಬಿಟ್ಟು ನಾಲ್ಕು ಪ್ರವಾಸಿಗರ ಮೇಲೇಕೆ ನಿಮ್ಮ ಕೋಪ?’ ಎಂದು ಈಗಾಗಲೇ ಯಾರೋ ಟೈಪಿಸುತ್ತಿರುತ್ತೀರಿ. ಎಲ್ಲವೂ ನಿಜ. ಅಭಯಾರಣ್ಯದ ಈ ನೀರೇ ಹಲ್ದಿಯಾದಿಂದ ಪ್ರಯಾಗ್‌ರಾಜ್‌ವರೆಗಿನ ಒಂದನೇ ರಾಷ್ಟ್ರೀಯ ಜಲಮಾರ್ಗವೂ ಹೌದು. ಆದರೆ ಬಲೆ ಹಾಕುವವನದು ಹೊಟ್ಟೆಪಾಡು, ನಮ್ಮದು ಯಾವ ಪಾಡು? ಅಷ್ಟೆಲ್ಲ ಸಹಿಸಿಕೊಂಡ ಪ್ರಾಣಿಗೆ, ಪ್ರೀತಿಯಿಂದ ನೋಡಲು ಬಂದವರ ಕಾಟವನ್ನೂ ಯಾಕೆ ಹಚ್ಚಬೇಕು?

ಇನ್ನು ಅಂಬಿಗರ ಸಂಪಾದನೆಯ ವಾದ. ನನ್ನನ್ನು ಕರೆದೊಯ್ದವನೂ ಅಂಬಿಗನೇ. ಅವನು ದುಡಿದದ್ದು ತೋಳಿನಿಂದ. ಅವರ ಬಗ್ಗೆ ಅಷ್ಟು ಕಳಕಳಿಯಿದ್ದರೆ ಹುಟ್ಟಿನ ದೋಣಿಗೆ ಎರಡು ಪಟ್ಟು ಕೊಡಿ. ದೋಣಿ ಹತ್ತುವಾಗ ಚೌಕಾಸಿ ಮಾಡಿ, ಇಳಿದ ಮೇಲೆ ಅವರ ಬಡತನದ ಬಗ್ಗೆ ಭಾಷಣ ಮಾಡಬೇಡಿ.

ನಾವಷ್ಟೇ ಹೀಗಲ್ಲ ಎಂಬುದು ಸಮಾಧಾನವೋ ಸಂಕಟವೋ ತಿಳಿಯದು. ಬ್ರೆಜಿಲ್‌ನಲ್ಲಿ, ಅನವಿಲ್ಯಾನಸ್ ರಾಷ್ಟ್ರೀಯ ಉದ್ಯಾನದ ಬಳಿಯ ನೊವೊ ಐರಾವೊದಲ್ಲಿ ಅಮೆಜಾನಿನ ಗುಲಾಬಿ ಡಾಲ್ಫಿನ್‌ಗಳಿಗೆ ಕೈಯಿಂದ ಮೀನು ತಿನ್ನಿಸುವುದು 1990ರ ದಶಕದಿಂದ ನಡೆದು ಬಂದಿದೆ. ಕೈತುತ್ತಿನ ರೂಢಿಯಾದ ಕಡೆ ಅವು ತಮ್ಮತಮ್ಮಲ್ಲೇ ಕಚ್ಚಾಡುತ್ತವೆ, ಕೆಲವೊಮ್ಮೆ ಮನುಷ್ಯರ ಕೈಯನ್ನೂ ಕಚ್ಚುತ್ತವೆ. ಕಚ್ಚಿದರೆ ಡಾಲ್ಫಿನ್ ದುಷ್ಟ!

‘ನೋಡಿದರೆ ತಾನೇ ಪ್ರೀತಿ ಹುಟ್ಟುವುದು’ ಎಂಬ ಮಾತಿಗೆ ನನ್ನಲ್ಲಿ ತಾಳ್ಮೆ ಉಳಿದಿಲ್ಲ. ಇವತ್ತಿನ ದೋಣಿಯವರು ನೋಡಿದ್ದು ತಮ್ಮ ಮೊಬೈಲ್ ಪರದೆಯನ್ನು. ಹುಟ್ಟಿದ್ದು ಬೇಸರ.

ಮಡುಗಳ ಹತ್ತಿರ ಎಂಜಿನ್ ಆರಿಸಬೇಕು, ಮುಳುಗಿದ ಡಾಲ್ಫಿನ್‌ನ ಬೆನ್ನು ಹತ್ತಬಾರದು. ಇಷ್ಟನ್ನು ಬರೆದು ನಾಳೆ ಅರಣ್ಯ ಇಲಾಖೆಗೆ ಕೊಟ್ಟು ಬರುತ್ತೇನೆ. ಸ್ವೀಕೃತಿಯ ಮೊಹರನ್ನೂ ಹಾಕಿಸಿಕೊಳ್ಳುತ್ತೇನೆ. ‘ಇದರಿಂದೇನು ಪ್ರಯೋಜನ’ ಎಂದು ಕಾಮೆಂಟ್ ಹಾಕಲು ಕಾದಿರುವವರು, ದಯವಿಟ್ಟು ಆ ಸಮಯದಲ್ಲಿ ನೀವೂ ಒಂದು ಅರ್ಜಿ ಬರೆಯಿರಿ.