ಗುಂಡು ನಮ್ಮದು, ತಪ್ಪು ನಿಮ್ಮದು

ನ್ಯೂಯಾರ್ಕಿನ ಆ ಮೆಟ್ರೋ ಸಂಗತಿ ನಿಮಗೆಲ್ಲ ಗೊತ್ತುಂಟು. 2024ರ ಸೆಪ್ಟೆಂಬರ್. ಬ್ರೂಕ್ಲಿನ್‌ನ ಸ್ಟೇಷನ್ನಿನಲ್ಲಿ ಒಬ್ಬ ಟಿಕೆಟ್ ತೆಗೆಯದೆ ಒಳಗೆ ನುಗ್ಗಿದ. ಟಿಕೆಟ್ಟಿನ ಬೆಲೆ ಆಗ 2.90 ಡಾಲರ್. ಅವನ ಹತ್ತಿರ ಚಾಕು ಇತ್ತು, ಒಪ್ಪುವ. ಪೊಲೀಸರು ಹಾರಿಸಿದ ಗುಂಡು ಅವನಿಗೆ ತಾಗಿತು, ಸುಮ್ಮನೆ ಇದ್ದ ಇಬ್ಬರು ಪ್ರಯಾಣಿಕರಿಗೂ ತಾಗಿತು, ಅದರಲ್ಲೊಬ್ಬರಿಗೆ ತಲೆಗೇ. ಪಕ್ಷಪಾತ ಬೇಡವೆಂದೋ ಏನೋ, ಒಬ್ಬ ಪೊಲೀಸನಿಗೂ ತಾಗಿತು. ಮೇಯರ್ ಸಾಹೇಬರು ಪೊಲೀಸರ ಸಂಯಮವನ್ನು ಕೊಂಡಾಡಿದರು. ಸಂಯಮ ತಪ್ಪಿದ್ದರೆ ರೈಲೇ ಉಳಿಯುತ್ತಿರಲಿಲ್ಲವೇನೋ.

ನಮ್ಮ ಕಾಸರಗೋಡು–ಮಂಗಳೂರು ಬಸ್ಸಿನ ಕಂಡಕ್ಟರನ್ನು ಅಲ್ಲಿಗೆ ಡೆಪ್ಯುಟೇಶನ್ ಮೇಲೆ ಕಳಿಸಬೇಕು ಮಾರಾಯ್ರೆ. ಟಿಕೆಟ್ ತೆಗೆಯದವನು ಕುಂಬಳೆಯಲ್ಲಿ ಸಿಕ್ಕಿಬಿದ್ದರೆ ಮಲಯಾಳದಲ್ಲಿ ಶುರು ಮಾಡಿ, ಉಪ್ಪಳಕ್ಕೆ ತುಳುವಿಗೆ ತಿರುಗಿ, ತಲಪಾಡಿ ಬರುವಾಗ ಕನ್ನಡದಲ್ಲಿ ಮಂಗಳಾರತಿ ಮುಗಿಸುತ್ತಾನೆ. ಪಕ್ಕದ ಸೀಟಿನವರಿಗೆ ಒಂದು ಗೀರೂ ಆಗುವುದಿಲ್ಲ. ಚಿಲ್ಲರೆ ಇಲ್ಲದವನಿಗೂ ಇದೇ ಶಿಕ್ಷೆ ಎನ್ನುವುದೊಂದೇ ನನ್ನ ತಕರಾರು.

ಅದೇ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 2013ರಲ್ಲಿ ಇನ್ನೂ ದೊಡ್ಡ ಕೆಲಸ ಆಯಿತು. ವಾಹನಗಳ ಮಧ್ಯೆ ತೂರಾಡುತ್ತಿದ್ದವನ ಕೈಯಲ್ಲಿ ಆಯುಧ ಇರಲಿಲ್ಲ. ಪೊಲೀಸರು ಹಾರಿಸಿದರು, ಅವನಿಗೆ ತಾಗಲಿಲ್ಲ, ದಾರಿಯಲ್ಲಿದ್ದ ಇಬ್ಬರು ಹೆಂಗಸರಿಗೆ ತಾಗಿತು. ಕೇಸು ಯಾರ ಮೇಲೆ? ಅವನ ಮೇಲೆ! ನೀನು ಹಾಗೆ ಮಾಡದಿದ್ದರೆ ನಾವು ಹಾರಿಸುತ್ತಿದ್ದೆವಾ ಎಂದು ವಾದ. ಇಂಥ ತಲೆಗೆ ನಮ್ಮ ಸೆಕ್ರೆಟರಿಯೇಟಿನಲ್ಲಿ ಒಳ್ಳೆ ಭವಿಷ್ಯ ಉಂಟು.

ನಮ್ಮವರನ್ನೂ ಕಡಿಮೆ ಅಂದುಕೊಳ್ಳಬೇಡಿ. ಕೇರಳ ಪೊಲೀಸರ ಲೆಕ್ಕದಲ್ಲಿ 12,061 ಕಾರ್ಟ್ರಿಜ್, ಅಂದರೆ ಬಂದೂಕಿನ ಗುಂಡು, ಕಾಣುವುದಿಲ್ಲ ಎಂದು 2020ರಲ್ಲಿ ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯೇ ಹೇಳಿತು. ಕೆಲವು ಕಡೆ ಅಸಲಿಯ ಜಾಗದಲ್ಲಿ ಡಮ್ಮಿ ಇಟ್ಟಿದ್ದರಂತೆ. ಮೊದಲು ಓದಿದಾಗ ನಾನೂ ಬೈದಿದ್ದೆ. ಈಗ ಅನಿಸುತ್ತದೆ, ಡಮ್ಮಿ ಇಟ್ಟವನೇ ಆ ಇಲಾಖೆಯಲ್ಲಿ ಜನರ ಬಗ್ಗೆ ಕಾಳಜಿ ಇದ್ದ ಮನುಷ್ಯ.

2009ರ ನವೆಂಬರಿನಲ್ಲಿ ನಮ್ಮದೇ ಕಾಸರಗೋಡಿನಲ್ಲಿ ಪೊಲೀಸರ ಗುಂಡು ಹಾರಿತು, ಒಬ್ಬ ಹುಡುಗ ಹೋದ. ಒಂದು ಸರಕಾರ ತನಿಖೆಗೆ ನಿಸಾರ್ ಆಯೋಗ ನೇಮಿಸಿತು. ಮುಂದಿನ ಸರಕಾರ ಬಂದು ಆಯೋಗವನ್ನೇ ಮನೆಗೆ ಕಳಿಸಿತು. ಹಾರಿಸಿದ್ದು ಸರಿಯೋ ತಪ್ಪೋ ಎಂದು ಕೇಳಲು ಕೂತವರ ಕುರ್ಚಿಯನ್ನೇ ಎತ್ತಿಬಿಟ್ಟರೆ ಎಲ್ಲರಿಗೂ ಸುಖ. ನಗಬೇಕು ಅಂತ ಕೂತದ್ದು, ಇಲ್ಲಿ ನಗು ಬರುವುದಿಲ್ಲ. ಯಾರು ಹಾರಿಸಿದ್ದು, ಯಾರು ಹೇಳಿ ಹಾರಿಸಿದ್ದು, ಎಷ್ಟು ಸುತ್ತು? ಇಷ್ಟು ಹೇಳಲು ಒಂದು ಸರಕಾರಕ್ಕೆ ಎಷ್ಟು ವರ್ಷ ಬೇಕು?

ಕರ್ತವ್ಯದಲ್ಲಿದ್ದೆ ಎನ್ನುವ ಪೊಲೀಸನ ಮೇಲೆ ಕೇಸು ನಡೆಸಲು ಸರಕಾರದ ಒಪ್ಪಿಗೆ ಬೇಕು. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ ಪ್ರಕಾರ ಸರಕಾರಕ್ಕೆ ಯೋಚಿಸಲು 120 ದಿನ ಉಂಟು. ದಾರಿಯಲ್ಲಿ ಹೋಗುತ್ತಾ ಗುಂಡು ತಿಂದವನು ಆಸ್ಪತ್ರೆಯ ಬಿಲ್ಲನ್ನು ಡಿಸ್ಚಾರ್ಜಿನ ದಿನವೇ ಕಟ್ಟಬೇಕು.